ಒಂದೇ ಫಲಕದಲ್ಲಿ ಇಬ್ಬರು ಚನ್ನಮ್ಮರು: ಬೈಲಹೊಂಗಲ ಸೀಮೆಯ ಶಾಲೆಯೊಂದರ ಪ್ರಕರಣ

ಬೈಲಹೊಂಗಲ ತಾಲ್ಲೂಕಿನ ಒಂದು ಪ್ರೌಢಶಾಲೆ. ಅಕ್ಟೋಬರ್ 23ರ ಕಿತ್ತೂರು ವಿಜಯದ ದಿನಕ್ಕೆ ಪಡಸಾಲೆಯ ಗೋಡೆ ಮೇಲೆ ರಾಣಿ ಚನ್ನಮ್ಮನ ಫಲಕ ಹಾಕಬೇಕೆಂದು ಶಾಲೆಯವರು ತೀರ್ಮಾನಿಸಿದರು. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಎಡಕ್ಕೆ ಚಿತ್ರ, ಬಲಕ್ಕೆ ಎಂಟು ವಾಕ್ಯಗಳ ಪರಿಚಯ. ಒಂಬತ್ತನೇ ತರಗತಿಯ ಮಕ್ಕಳು ಮೊಬೈಲಿನಲ್ಲಿ ಹುಡುಕಿ ಮಾಹಿತಿ ಕೂಡಿಸಿದರು. ಮಾಸ್ತರರೊಬ್ಬರು ಭಾಷೆ ತಿದ್ದಿ ಹೊಂದಿಸಿಕೊಟ್ಟರು. ಫ್ಲೆಕ್ಸ್ ಅಂಗಡಿಗೆ ಹೊರಟಿದ್ದ ಕರಡು ಹೀಗಿತ್ತು:

"ವೀರರಾಣಿ ಚನ್ನಮ್ಮ 1778ರಲ್ಲಿ ಕಾಕತಿಯಲ್ಲಿ ಹುಟ್ಟಿದಳು. ಕಿತ್ತೂರಿನ ದೊರೆ ಸೋಮಶೇಖರ ಸರ್ಜನ ಕೈಹಿಡಿದಳು. ಗಂಡ ತೀರಿಕೊಂಡ ಮೇಲೆ ಬಸಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡು 25 ವರ್ಷ ರಾಜ್ಯವಾಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಕಿತ್ತೂರಿನ ಕೋಟೆಯಲ್ಲಿ ಆಶ್ರಯ ಕೊಟ್ಟಳು. ದತ್ತುಮಗನಿಗೆ ಹಕ್ಕಿಲ್ಲವೆಂಬ ಡಾಲ್‌ಹೌಸಿಯ ಕಾಯ್ದೆಯನ್ನು ಧಿಕ್ಕರಿಸಿದಳು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಠಾಕ್ರೆ ಯುದ್ಧದಲ್ಲಿ ಸತ್ತ. ಎರಡನೇ ಯುದ್ಧದಲ್ಲಿ ಮದ್ರಾಸಿನ ಗವರ್ನರ್ ಮನ್ರೋ ಸತ್ತ. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು."

ಓದಿದರೆ ಎಲ್ಲೂ ಎಡವುವುದಿಲ್ಲ. ಹುಟ್ಟು, ಮದುವೆ, ದತ್ತು, ಯುದ್ಧ, ಸಾವು ಎಲ್ಲವೂ ಸಾಲಾಗಿ ಬಂದಿವೆ. ಆದರೂ ಎಂಟರಲ್ಲಿ ನೇರವಾಗಿ ಉಳಿಯುವುದು ಎರಡೇ ವಾಕ್ಯ, ಮೊದಲನೆಯದು ಮತ್ತು ಕೊನೆಯದು. ನಡುವಿನ ಆರರಲ್ಲಿ ಮೂರು ಬೇರೊಬ್ಬ ರಾಣಿಯ ಬದುಕಿನಿಂದ ಬಂದವು. ಒಂದರಲ್ಲಿ 24 ವರ್ಷ ಆಮೇಲಿನ ಗವರ್ನರ್ ಜನರಲ್ ಬಂದು ಕೂತಿದ್ದಾನೆ. ಉಳಿದ ಎರಡರಲ್ಲಿ ಹೆಸರು ಒಂದೇ ಆದ ಬೇರೆ ಮನುಷ್ಯರು ಸೇರಿಕೊಂಡಿದ್ದಾರೆ. ಕಿತ್ತೂರಿನ ಮಣ್ಣಿನಲ್ಲೇ, ರಾಣಿ ಕಣ್ಣು ಮುಚ್ಚಿದ ಬೈಲಹೊಂಗಲದ ಮಗ್ಗುಲಲ್ಲೇ ಇಂಥದೊಂದು ಫಲಕ ಏಳುತ್ತಿತ್ತು. ಆದ್ದರಿಂದಲೇ ಇದನ್ನು ವಾಕ್ಯ ವಾಕ್ಯವಾಗಿ ಬಿಡಿಸಿ ನೋಡಬೇಕು.

ಸಂಶಯ ಎದ್ದದ್ದು ಎಲ್ಲಿ

ಸಂಶಯ ಎತ್ತಿದವಳು ಒಬ್ಬ ಹುಡುಗಿ, ಅದೂ ಲೆಕ್ಕದಿಂದ. "ಸರ್, ಶಿವಾಜಿ ಮಹಾರಾಜರು ತೀರಿಕೊಂಡಿದ್ದು 1680ರಾಗ ಅಂತ ಪುಸ್ತಕದಾಗ ಐತ್ರೀ. ರಾಣಿ ಹುಟ್ಟಿದ್ದು 1778. ಅವರ ಮಗಗ ಈಕಿ ಹೆಂಗ ಆಶ್ರಯ ಕೊಟ್ಲರೀ?"

ಈ ಪ್ರಶ್ನೆಗೆ ಉತ್ತರ ಒಂದೇ: ಇದು ಕೆಳದಿ ಚನ್ನಮ್ಮನ ಸಂಗತಿ. ಕೆಳದಿ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ. ಆಕೆಯ ಕಾಲಕ್ಕೆ ರಾಜಧಾನಿ ಬಿದನೂರು, ಇಂದಿನ ನಗರ. ಗಂಡ ಸೋಮಶೇಖರ ನಾಯಕ ಸತ್ತ ಮೇಲೆ 17ನೇ ಶತಮಾನದ ಕೊನೆಯ ಕಾಲು ಭಾಗ, ಸುಮಾರು 25 ವರ್ಷ, ಆಕೆ ರಾಜ್ಯವಾಳಿದಳು. ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡಳು. 1689ರಲ್ಲಿ ಸಂಭಾಜಿಯ ಹತ್ಯೆಯಾಗಿ, ರಾಜಾರಾಮ ತಲೆ ತಪ್ಪಿಸಿಕೊಂಡು ಜಿಂಜಿಯ ಕಡೆ ಹೋಗುತ್ತಿದ್ದಾಗ ಅವನಿಗೆ ಆಸರೆ ಕೊಟ್ಟು, ಬೆನ್ನಟ್ಟಿ ಬಂದ ಔರಂಗಜೇಬನ ಸೈನ್ಯವನ್ನು ಎದುರಿಸಿದವಳೂ ಆಕೆಯೇ. ಅಂದರೆ ಕರಡಿನ ಎರಡು, ಮೂರು, ನಾಲ್ಕನೇ ವಾಕ್ಯಗಳು ಪೂರ್ತಿ ಕೆಳದಿಯವು. ಅಲ್ಲಿ ಕಿತ್ತೂರಿನದು ಊರಿನ ಹೆಸರು ಮತ್ತು "ಸರ್ಜ" ಎಂಬ ಬಾಲ ಮಾತ್ರ.

ಆ ಬಾಲವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. "ಸೋಮಶೇಖರ ಸರ್ಜ" ಎಂಬ ಮನುಷ್ಯ ಎಲ್ಲೂ ಇರಲಿಲ್ಲ. ಕೆಳದಿಯ ಅರಸರು ನಾಯಕರು. ಕಿತ್ತೂರಿನವರು ದೇಸಾಯಿಗಳು, ಸರ್ಜರು. ಕೆಳದಿಯ ಹೆಸರಿಗೆ ಕಿತ್ತೂರಿನ ಬಿರುದು ಹೊಲಿದಾಗ ಹುಟ್ಟಿದ ವ್ಯಕ್ತಿ ಈತ. ಇಂಥ ಹೊಲಿಗೆ ಕಂಡ ಕೂಡಲೇ ಎರಡು ಮೂಲಗಳು ಬೆರೆತಿವೆ ಎಂದು ತಿಳಿಯಬೇಕು. ಒಬ್ಬನೇ ಬರೆಯುವಾಗ ಆಗುವ ತಪ್ಪು ಸಾಮಾನ್ಯವಾಗಿ ಇಸವಿಯದ್ದೋ ಕಾಗುಣಿತದ್ದೋ ಆಗಿರುತ್ತದೆ. ಬಿರುದು ಅದಲುಬದಲಾಗುವುದು ಎರಡು ಕಡೆಯ ಪಠ್ಯ ಕತ್ತರಿಸಿ ಅಂಟಿಸಿದಾಗ. ಅಂಟಿಸಿದವರಿಗೆ "ಕಿತ್ತೂರಿನ ಅರಸರ ಹೆಸರಿನ ಕೊನೆಗೆ ಸರ್ಜ ಇರಬೇಕು" ಎಂಬ ಅರೆನೆನಪಿತ್ತು. ಆ ನೆನಪೇ ತಪ್ಪನ್ನು ಸರಿಯಂತೆ ಕಾಣಿಸಿತು.

ಹೆಣ್ಣುಮಕ್ಕಳ ಹೆಸರಿನಲ್ಲೂ ಇಂಥದೇ ಗುರುತು ಇದೆ. ಕೆಳದಿಯ ಕಡೆ ರಾಣಿಯರ ಹೆಸರಿಗೆ "ಆಜಿ" ಸೇರುತ್ತದೆ: ಚನ್ನಮ್ಮಾಜಿ, ವೀರಮ್ಮಾಜಿ. ನಮ್ಮ ಕಡೆ ಅದು "ಅವ್ವ": ಚನ್ನವ್ವ, ರುದ್ರವ್ವ, ಮಲ್ಲವ್ವ. ಹಳೆಯ ಕಾಗದ, ಲಾವಣಿ, ಶಾಸನದ ಪ್ರತಿ ಏನೇ ಸಿಗಲಿ, "ಚನ್ನಮ್ಮಾಜಿ" ಎಂದಿದ್ದರೆ ಮಲೆನಾಡಿನ ಕಡೆ ಮುಖ ಮಾಡಬೇಕು. "ದೇಸಾಯಿ", "ದೇಸಗತಿ", "ಸರ್ಜ" ಎಂದಿದ್ದರೆ ಕಿತ್ತೂರಿನ ಕಡೆ.

ಇಬ್ಬರೂ ಇಷ್ಟು ಸುಲಭವಾಗಿ ಬೆರೆಯುವುದೇಕೆ

ಹೆಸರು ಒಂದೇ ಆದ ಮಾತ್ರಕ್ಕೆ ಜನ ಬೆರೆತುಹೋಗುವುದಿಲ್ಲ. ಬಾದಾಮಿಯ ಚಾಲುಕ್ಯರಲ್ಲಿ ಇಬ್ಬರು ಪುಲಕೇಶಿಗಳಿದ್ದಾರೆ, ಇಬ್ಬರು ವಿಕ್ರಮಾದಿತ್ಯರಿದ್ದಾರೆ. ವಿಜಯಪುರದ ಆದಿಲ್‌ಶಾಹಿಗಳಲ್ಲಿ ಇಬ್ಬರು ಇಬ್ರಾಹಿಮರು, ಇಬ್ಬರು ಅಲಿಗಳು. ಅಲ್ಲೂ ತಪ್ಪಾಗುತ್ತದೆ, ಆದರೆ ಒಂದೇ ಮನೆತನವಾದ್ದರಿಂದ "ಒಂದನೇ", "ಎರಡನೇ" ಎಂಬ ಸಂಖ್ಯೆ ಕಾಪಾಡುತ್ತದೆ. ತಾಳಿಕೋಟೆ ಕಾಳಗದ ಅಲಿ ಒಂದನೆಯವನು, ಬಾರಾ ಕಮಾನಿನಲ್ಲಿ ಮಲಗಿರುವ ಅಲಿ ಎರಡನೆಯವನು ಎಂದರೆ ಮುಗಿಯಿತು. ಚನ್ನಮ್ಮರಿಗೆ ಈ ರಕ್ಷಣೆ ಇಲ್ಲ. ಬೇರೆ ಬೇರೆ ಮನೆತನ, ಬೇರೆ ಶತಮಾನ. ಯಾರೂ ಅವರಿಗೆ ಸಂಖ್ಯೆ ಕೊಟ್ಟಿಲ್ಲ, ಕೊಡಲೂ ಬರುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಬದುಕಿನ ಹೋಲಿಕೆ. ಇಬ್ಬರೂ ಲಿಂಗಾಯತ ಅರಸುಮನೆಯ ಸೊಸೆಯರು. ಇಬ್ಬರೂ ಗಂಡನನ್ನು ಕಳೆದುಕೊಂಡ ಮೇಲೆ ಮುಂದೆ ಬಂದವರು. ಇಬ್ಬರ ಕಥೆಯಲ್ಲೂ ದತ್ತು ಇದೆ. ಇಬ್ಬರೂ ತಮಗಿಂತ ನೂರು ಪಟ್ಟು ದೊಡ್ಡ ಶಕ್ತಿಗೆ ಬಗ್ಗಲಿಲ್ಲ. ಇದರ ಜೊತೆಗೆ ಕಿತ್ತೂರು ಮನೆತನದ ಮೂಲಪುರುಷರಾದ ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು 16ನೇ ಶತಮಾನದಲ್ಲಿ ಸಾಗರದ ಕಡೆಯಿಂದ ಸಂಪಗಾವಿಗೆ ಬಂದವರೆಂದು ಮನೆತನದ ಚರಿತ್ರೆ ಹೇಳುತ್ತದೆ. ಹಾಗಾಗಿ "ಸಾಗರ" ಎಂಬ ಊರು ಎರಡೂ ಕಥೆಗಳಲ್ಲಿ ಬರುತ್ತದೆ. ಹುಡುಕುವವರಿಗೆ ಇದೊಂದು ಸಾಕು, ಎರಡೂ ಒಂದೇ ಎಂಬ ಭಾವನೆ ಗಟ್ಟಿಯಾಗುತ್ತದೆ.

ಇನ್ನೊಂದು ಎಳೆ ನಮ್ಮ ತಾಲ್ಲೂಕಿನೊಳಗೇ ಇದೆ. ಬೈಲಹೊಂಗಲ ತಾಲ್ಲೂಕಿನ ಬೆಳವಡಿಯ ಮಲ್ಲಮ್ಮ 17ನೇ ಶತಮಾನದಲ್ಲಿ ಶಿವಾಜಿಯ ಸೈನ್ಯದ ಎದುರು ಕಾದಿದವಳು. ಹೀಗೆ "ಈ ಸೀಮೆಯ ರಾಣಿ" ಮತ್ತು "ಶಿವಾಜಿ" ಎಂಬ ಎರಡು ಮಾತು ಊರವರ ನೆನಪಿನಲ್ಲಿ ಮೊದಲೇ ಅಕ್ಕಪಕ್ಕ ಕೂತಿವೆ. ಆದ್ದರಿಂದ ಚನ್ನಮ್ಮನ ಪಠ್ಯದಲ್ಲಿ ಶಿವಾಜಿಯ ಮಗ ಬಂದಾಗ ದೊಡ್ಡವರಿಗೂ ಅದು ವಿಚಿತ್ರ ಅನಿಸಲಿಲ್ಲ. ಬೆಳವಡಿಗೂ ಜೋಡಿ ಇದೆ: ಚಿಕ್ಕಮಗಳೂರು ಜಿಲ್ಲೆಯ ಬೆಳವಾಡಿ, ಹೊಯ್ಸಳರ ವೀರನಾರಾಯಣ ಗುಡಿಯ ಊರು. ಮಲ್ಲಮ್ಮನ ಫಲಕ ಮಾಡುವವರು ಆ ಗುಡಿಯ ಫೋಟೋ ಹಾಕದಂತೆ ಈಗಲೇ ಗುರುತು ಹಾಕಿಕೊಳ್ಳಬೇಕು.

ಐದನೇ ವಾಕ್ಯದ ತಪ್ಪು ಹೆಸರಿನದ್ದಲ್ಲ, ಕಾಲದ್ದು. ಡಾಲ್‌ಹೌಸಿ ಗವರ್ನರ್ ಜನರಲ್ ಆದದ್ದು 1848ರಲ್ಲಿ. ಕಿತ್ತೂರಿನ ಕಾಳಗ ನಡೆದದ್ದು 1824ರಲ್ಲಿ, ರಾಣಿ ತೀರಿಕೊಂಡದ್ದು 1829ರಲ್ಲಿ. ದತ್ತು ಒಪ್ಪದೆ ಸಂಸ್ಥಾನ ನುಂಗುವ ಚಾಳಿ ಡಾಲ್‌ಹೌಸಿಗಿಂತ ಮೊದಲೇ ಕಂಪನಿಗಿತ್ತು ಎನ್ನುವುದಕ್ಕೆ ಕಿತ್ತೂರೇ ಸಾಕ್ಷಿ. ಡಾಲ್‌ಹೌಸಿಯನ್ನು ಇಲ್ಲಿಗೆ ಎಳೆದು ತಂದದ್ದು ಝಾನ್ಸಿಯ ಲಕ್ಷ್ಮೀಬಾಯಿಯ ಪಾಠ. ಅದೇ ಪಾಠ ಫಲಕದ ಎಡಭಾಗವನ್ನೂ ಹಾಳುಮಾಡಿತ್ತು. ಮಕ್ಕಳು ಆರಿಸಿದ್ದ ಚಿತ್ರದಲ್ಲಿ ಕುದುರೆ ಏರಿದ ರಾಣಿಯ ಬೆನ್ನಿಗೆ ಪುಟ್ಟ ಮಗುವನ್ನು ಸೆರಗಿನಿಂದ ಕಟ್ಟಿತ್ತು. ಬೆನ್ನಿಗೆ ಕಟ್ಟಿದ ಮಗು ಝಾನ್ಸಿ ರಾಣಿಯ ಚಿತ್ರಗಳ ಗುರುತು. 1824ರಲ್ಲಿ ಚನ್ನಮ್ಮನಿಗೆ 46ರ ಆಸುಪಾಸು. ಬೆನ್ನಿಗೆ ಕಟ್ಟಿಕೊಳ್ಳುವ ಮಗು ಆಕೆಯ ಕಥೆಯಲ್ಲೇ ಇಲ್ಲ. ಬದಲಿಗೆ ಆರಿಸಿದ ಎರಡನೇ ಚಿತ್ರವೂ ಕೆಲಸಕ್ಕೆ ಬರಲಿಲ್ಲ. ಅದು 1961ರ ಚಲನಚಿತ್ರದಲ್ಲಿ ಚನ್ನಮ್ಮನ ಪಾತ್ರ ಮಾಡಿದ ಬಿ. ಸರೋಜಾದೇವಿ ಅವರದು. ಆ ಚಿತ್ರ ಕಪ್ಪುಬಿಳುಪಾದ್ದರಿಂದ "ಹಳೆಯ ಫೋಟೋ" ಎಂಬ ಹೆಸರಿನಲ್ಲಿ ಓಡಾಡುತ್ತದೆ. ರಾಣಿ ತೀರಿಕೊಂಡ ಕಾಲಕ್ಕೆ ಫೋಟೋ ತೆಗೆಯುವ ವಿದ್ಯೆ ಬಳಕೆಗೇ ಬಂದಿರಲಿಲ್ಲ, ಆದ್ದರಿಂದ ಆಕೆಯ ಫೋಟೋ ಎಂಬುದು ಇರಲಾರದು. ಕೊನೆಗೆ ಕಿತ್ತೂರು ಕೋಟೆಯೊಳಗಿನ ಅರಮನೆಯ ಅವಶೇಷದ ಫೋಟೋವನ್ನೇ ಹಾಕುವುದೆಂದು ಒಪ್ಪಿಕೊಂಡರು. ಅದಕ್ಕಿಂತ ಸರಿಯಾದ ಆಯ್ಕೆ ಇರಲಿಲ್ಲ.

ಇಬ್ಬರು ಥ್ಯಾಕರೆ, ಇಬ್ಬರು ಮನ್ರೋ

ಆರನೇ ವಾಕ್ಯದಲ್ಲಿ ದಿನಾಂಕ ಸರಿ, ಘಟನೆ ಸರಿ, ಹೆಸರು ತಪ್ಪು. ಅಂದು ಸತ್ತವನು ಧಾರವಾಡದ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಆಗಿದ್ದ ಸೇಂಟ್ ಜಾನ್ ಥ್ಯಾಕರೆ. (ಬೆಳಗಾವಿ ಬೇರೆ ಜಿಲ್ಲೆಯಾದದ್ದು 1836ರಲ್ಲಿ, ಆದ್ದರಿಂದ ಕಿತ್ತೂರಿಗೆ ಬಂದವನು ಧಾರವಾಡದ ಕಲೆಕ್ಟರ್.) ಈತನಿಗೂ ಮಹಾರಾಷ್ಟ್ರದ ರಾಜಕಾರಣದಲ್ಲಿ ಪರಿಚಿತವಾದ ಠಾಕ್ರೆ ಮನೆತನಕ್ಕೂ ಯಾವ ಸಂಬಂಧವೂ ಇಲ್ಲ. ಇಂಗ್ಲಿಷಿನಲ್ಲಿ ಎರಡೂ ಹೆಸರಿಗೆ ಒಂದೇ ಕಾಗುಣಿತ. ಮಕ್ಕಳು ಇಂಗ್ಲಿಷ್ ಪಠ್ಯವನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿಕೊಂಡಿದ್ದರು. ಯಂತ್ರ ತಾನು ಹೆಚ್ಚು ಸಲ ಕಂಡ ರೂಪವನ್ನೇ ಇಟ್ಟಿತು.

ಕಾಗುಣಿತ ಒಂದೇ ಆದದ್ದಕ್ಕೂ ಕಾರಣವಿದೆ, ಅದು ಕಿತ್ತೂರಿಗೇ ಬಂದು ಮುಟ್ಟುತ್ತದೆ. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಕಲ್ಕತ್ತೆಯಲ್ಲಿ ಹುಟ್ಟಿದವನು. ಕಿತ್ತೂರಿನಲ್ಲಿ ಸತ್ತ ಕಲೆಕ್ಟರ್ ಆತನ ಚಿಕ್ಕಪ್ಪ. ಮುಂದೆ ಮಹಾರಾಷ್ಟ್ರದ ಸಮಾಜ ಸುಧಾರಕ ಕೇಶವ ಸೀತಾರಾಮ ಠಾಕ್ರೆ ಆ ಕಾದಂಬರಿಕಾರನ ಮೇಲಿನ ಅಭಿಮಾನದಿಂದ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಅದೇ ರೀತಿ ಬರೆದುಕೊಂಡರು. ರಕ್ತಸಂಬಂಧ ಇಲ್ಲ, ಊರು ಒಂದಲ್ಲ, ಭಾಷೆ ಒಂದಲ್ಲ. ಒಂದು ಕಾಗುಣಿತ ಮಾತ್ರ ಕಿತ್ತೂರಿನ ರಣರಂಗದಿಂದ ಮುಂಬೈವರೆಗೆ ನಡೆದುಹೋಯಿತು. ಗಡಿಯ ವಿಷಯಕ್ಕೆ ಮನಸ್ಸು ಬೇಗ ಬಿಸಿಯಾಗುವ ಬೆಳಗಾವಿ ಜಿಲ್ಲೆಯಲ್ಲಿ "ಕಲೆಕ್ಟರ್ ಠಾಕ್ರೆ ಸತ್ತ" ಎಂದು ಶಾಲೆಯ ಗೋಡೆ ಮೇಲೆ ಬರೆದರೆ ಏನಾಗಬಹುದೆಂದು ಹೇಳಬೇಕಿಲ್ಲ. ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ: "ಥ್ಯಾಕರೆ" ಮತ್ತು "ಠಾಕ್ರೆ" ಎಂದು ಎರಡು ರೂಪ ಬರೆಯಬಹುದು. ಇಂಗ್ಲಿಷಿನಲ್ಲಿ ಇಲ್ಲದ ಈ ಬೇರ್ಪಾಡನ್ನು ಕೈಯಾರೆ ಕಳೆದುಕೊಳ್ಳಬಾರದು.

ಏಳನೇ ವಾಕ್ಯದ ಮನ್ರೋ ಹೀಗೇ ಬಂದವನು. ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1827ರ ಜುಲೈನಲ್ಲಿ ಇಂದಿನ ಆಂಧ್ರದ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ಕಿತ್ತೂರಿನ ಎರಡನೇ ಮುತ್ತಿಗೆಯಲ್ಲಿ, 1824ರ ಡಿಸೆಂಬರಿನಲ್ಲಿ ಸತ್ತವನು ಸೊಲ್ಲಾಪುರದ ಸಬ್ ಕಲೆಕ್ಟರ್ ಆಗಿದ್ದ ಮನ್ರೋ, ಗವರ್ನರನ ಬಂಧು. ಮೂಲದಲ್ಲಿ "ಥಾಮಸ್ ಮನ್ರೋನ ಸಂಬಂಧಿ" ಎಂದಿದ್ದ ಮಾತು ಸಂಕ್ಷೇಪ ಮಾಡುವಾಗ ಬಿದ್ದುಹೋಗಿ, ದೊಡ್ಡವನ ಹೆಸರು ಉಳಿದಿದೆ. ಹೆಸರು ಹಂಚಿಕೊಂಡವರಲ್ಲಿ ಯಾವಾಗಲೂ ಹೀಗೆಯೇ, ಪ್ರಸಿದ್ಧನಾದವನು ಅಪ್ರಸಿದ್ಧನ ಸಾವನ್ನೂ ತನ್ನದಾಗಿಸಿಕೊಳ್ಳುತ್ತಾನೆ. ಮೊದಲ ಕಾಳಗದಲ್ಲಿ ಸೆರೆ ಸಿಕ್ಕ ಎಲಿಯಟ್‌ನ ವಿಷಯದಲ್ಲೂ ಎಚ್ಚರ ಬೇಕು. ಈತ ಮುಂದೆ ಕನ್ನಡ ನಾಡಿನ ಶಾಸನಗಳ ಪ್ರತಿ ಮಾಡಿಸಿ ಕೂಡಿಸಿದ ವಾಲ್ಟರ್ ಎಲಿಯಟ್. ಭಾರತದ ಚರಿತ್ರೆಯ ಪರ್ಷಿಯನ್ ಬರಹಗಳನ್ನು ಸಂಗ್ರಹಿಸಿದ ಹೆನ್ರಿ ಎಲಿಯಟ್ ಬೇರೆ.

ಇಷ್ಟೆಲ್ಲ ನೋಡುವಾಗ ಕರಡಿನಲ್ಲಿ ಇಲ್ಲದ, ಆದರೆ ತಿದ್ದುಪಡಿಯಲ್ಲಿ ಬರಬೇಕಾದ ಮತ್ತೊಂದು ಜೋಡಿ ಎದುರಾಯಿತು. 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ ದೇಸಾಯಿ ಶಿವಲಿಂಗರುದ್ರಸರ್ಜ, ಚನ್ನಮ್ಮನ ಗಂಡ ಮಲ್ಲಸರ್ಜನ ಮಗ. ದತ್ತು ಬಂದ ಹುಡುಗ ಶಿವಲಿಂಗಪ್ಪ. ಇಬ್ಬರನ್ನೂ "ಶಿವಲಿಂಗ" ಎಂದು ಬರೆದರೆ ಸತ್ತವನನ್ನೇ ಪಟ್ಟಕ್ಕೆ ಕೂರಿಸಿದಂತಾಗುತ್ತದೆ. 1829ರ ನಂತರ ಸಂಗೊಳ್ಳಿ ರಾಯಣ್ಣ ಗಾದಿಗೆ ತರಲು ಹೋರಾಡಿದ್ದು ಈ ಶಿವಲಿಂಗಪ್ಪನನ್ನು. ಉದ್ದವಾದರೂ ಪೂರ್ತಿ ಹೆಸರನ್ನೇ ಬರೆಯಬೇಕು.

ಹುಡುಕುವ ದಾರಿಯಲ್ಲಿ ನಿಂತಿರುವ ಈಗಿನ ಚನ್ನಮ್ಮರು

ಮಕ್ಕಳು ಮೊಬೈಲಿನಲ್ಲಿ ಬರೀ "ಚನ್ನಮ್ಮ" ಎಂದು ಕೊಟ್ಟು ಹುಡುಕಿದ್ದರು. ಹಾಗೆ ಕೊಟ್ಟರೆ ಬೆಂಗಳೂರಿನಿಂದ ಬೆಳಗಾವಿ ಮೇಲೆ ಹೋಗುವ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ನ ವೇಳಾಪಟ್ಟಿ, 2010ರಲ್ಲಿ ಶುರುವಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಫಲಿತಾಂಶ, ಹುಬ್ಬಳ್ಳಿಯ ಚನ್ನಮ್ಮ ವೃತ್ತದ ಸುದ್ದಿ, ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಪತ್ನಿ ಚನ್ನಮ್ಮ ಅವರ ಫೋಟೋ, ಇವೆಲ್ಲ ರಾಣಿಗಿಂತ ಮುಂದೆ ಬಂದು ನಿಲ್ಲುತ್ತವೆ. ಕಾಗುಣಿತ ಬೇರೆ ಎರಡು: ವಿಶ್ವವಿದ್ಯಾಲಯದ ಹೆಸರಿನಲ್ಲಿ "ಚನ್ನಮ್ಮ", ಬಹಳ ಪುಸ್ತಕಗಳಲ್ಲಿ "ಚೆನ್ನಮ್ಮ". "ಚೆನ್ನ" ಎಂಬ ಮಾತೇ ಮೂಲವಾದ್ದರಿಂದ ಯಾವುದೂ ತಪ್ಪಲ್ಲ, ಆದರೆ ಒಂದನ್ನೇ ಕೊಟ್ಟು ಹುಡುಕಿದರೆ ಅರ್ಧ ಬರಹಗಳು ಕಾಣುವುದೇ ಇಲ್ಲ. "ಕಾಕತಿ" ಎಂದು ಕೊಟ್ಟರೆ ವಾರಂಗಲ್ಲಿನ ಕಾಕತೀಯರು ಬರುತ್ತಾರೆ. ಅದಕ್ಕೆ ಮಲ್ಲಸರ್ಜನ ಹಿರಿಯ ಹೆಂಡತಿ ರುದ್ರಮ್ಮನ ಹೆಸರು ಸೇರಿಸಿದರಂತೂ ಕಾಕತೀಯರ ರುದ್ರಮದೇವಿಯೇ ಪರದೆ ತುಂಬುತ್ತಾಳೆ.

ವಿಚಿತ್ರ ಎಂದರೆ ಒಂದೇ ಹೆಸರಿನವರನ್ನು ಬೇರೆ ಮಾಡುವ ವಿದ್ಯೆ ಆ ಶಾಲೆಯ ಊರಿಗೆ ಚೆನ್ನಾಗಿ ಗೊತ್ತಿದೆ. ನಮ್ಮ ಊರುಗಳಲ್ಲಿ ಯಾರೂ ಬರೀ ಚನ್ನವ್ವ ಅನ್ನುವುದಿಲ್ಲ. "ಯಾವ ಚನ್ನವ್ವ?" ಎಂದು ಕೇಳಿದರೆ "ಅಗಸಿ ಹತ್ತಿರದಾಕಿ", "ಪತ್ತಾರ ಚನ್ನವ್ವ", "ಸವದತ್ತಿಯಿಂದ ಮದುವಿ ಆಗಿ ಬಂದಾಕಿ" ಎಂದು ಉತ್ತರ ಬರುತ್ತದೆ. ಓಣಿ, ಅಡ್ಡಹೆಸರು, ತವರೂರು, ಈ ಮೂರರಲ್ಲಿ ಒಂದು ಹೇಳಿದರೆ ಆಳು ಸಿಕ್ಕಿತು. ಮತದಾರರ ಪಟ್ಟಿಯಲ್ಲಿ ಹೆಸರಿನ ಕೆಳಗೆ ತಂದೆಯದೋ ಗಂಡನದೋ ಹೆಸರು, ಮನೆ ನಂಬರು, ವಯಸ್ಸು ಇರುವುದೂ ಇದಕ್ಕೇ. ಹೊಲದ ಕಾಗದಗಳಲ್ಲಿ ಮನೆಯಲ್ಲಿ ಕರೆಯುವ ಹೆಸರು "ಚನ್ನವ್ವ", ಆಧಾರಿನಲ್ಲಿ "ಚನ್ನಮ್ಮ" ಎಂದಾದಾಗ "ಉರ್ಫ್" ಸೇರಿಸಿ ಬರೆಸುತ್ತಾರೆ. ಬರೆಸದಿದ್ದರೆ ವಾರಸಾ ಮಾಡುವಾಗ ತಲೆನೋವು. ಬದುಕಿರುವ ಚನ್ನವ್ವನಿಗೆ ಪಾಸ್‌ಬುಕ್ ಕೊಡುವಾಗ ಪೋಸ್ಟ್‌ಮ್ಯಾನ್ ತೋರುವ ಎಚ್ಚರವನ್ನು ರಾಣಿ ಚನ್ನಮ್ಮನಿಗೆ ಫಲಕ ಕಟ್ಟುವಾಗ ಯಾರೂ ತೋರಲಿಲ್ಲ. ಪ್ರಕರಣದ ಮೂಲ ದೋಷ ಇದೇ. ಚರಿತ್ರೆಯ ಹೆಸರು ಒಬ್ಬರದೇ ಎಂದು ಮನಸ್ಸು ಮೊದಲೇ ಒಪ್ಪಿಕೊಂಡಿರುತ್ತದೆ.

ತಿದ್ದಿದ ಬಗೆ

ಮಾಸ್ತರರು ಕರಿಹಲಗೆಯ ಮೇಲೆ ಎರಡು ಕಂಬ ಎಳೆದರು. ಬದಿಗೆ ಆರು ಪ್ರಶ್ನೆ: ಊರು, ಕಾಲ, ಗಂಡ, ದತ್ತು, ಬಿರುದು, ಎದುರಾಳಿ. ಕೆಳದಿಯ ಕಂಬದಲ್ಲಿ ಬಿದನೂರು, 17ನೇ ಶತಮಾನದ ಕೊನೆ, ಸೋಮಶೇಖರ, ಬಸಪ್ಪ, ನಾಯಕ, ಔರಂಗಜೇಬ. ಕಿತ್ತೂರಿನ ಕಂಬದಲ್ಲಿ ಕಿತ್ತೂರು, 1778ರಿಂದ 1829, ಮಲ್ಲಸರ್ಜ, ಶಿವಲಿಂಗಪ್ಪ, ದೇಸಾಯಿ, ಈಸ್ಟ್ ಇಂಡಿಯಾ ಕಂಪನಿ. ಆಮೇಲೆ ಕರಡಿನ ಒಂದೊಂದು ವಾಕ್ಯವನ್ನೂ ಕತ್ತರಿಸಿ ಯಾವ ಕಂಬಕ್ಕೆ ಸೇರುತ್ತದೆಂದು ಮಕ್ಕಳಿಂದಲೇ ಅಂಟಿಸಿದರು.

ಆರು ಪ್ರಶ್ನೆಗಳಲ್ಲಿ ಅತಿ ಹರಿತವಾದದ್ದು ಕೊನೆಯದು. ಊರಿನ ಹೆಸರು ಎರಡು ಕಡೆ ಇರಬಹುದು, ಇಸವಿ ಮುದ್ರಣದಲ್ಲಿ ತಿರುಗಬಹುದು (1824 ಎಂಬುದು 1842 ಆಗಬಹುದು), ದತ್ತು ಎಲ್ಲ ಅರಸುಮನೆಗಳಲ್ಲೂ ಇದೆ. ಎದುರಾಳಿ ಮಾತ್ರ ಸುಲಭವಾಗಿ ಬೆರೆಯುವುದಿಲ್ಲ. ಔರಂಗಜೇಬ ಕಂಡರೆ ಕೆಳದಿ, ಕಂಪನಿಯ ಕಲೆಕ್ಟರ್ ಕಂಡರೆ ಕಿತ್ತೂರು, ಶಿವಾಜಿಯ ಸೈನ್ಯ ಕಂಡರೆ ಬೆಳವಡಿ. ಹೆಸರು ಹಿಡಿದು ಹುಡುಕುವ ಬದಲು ಎದುರಾಳಿಯನ್ನು ಹಿಡಿದು ಹುಡುಕಿದರೆ ಅರ್ಧ ಗೊಂದಲ ಹುಟ್ಟುವುದೇ ಇಲ್ಲ. ಮೊಬೈಲಿನಲ್ಲೂ "ಚನ್ನಮ್ಮ ಥ್ಯಾಕರೆ 1824" ಎಂದು ಕೊಟ್ಟಾಗ ರೈಲು, ಫಲಿತಾಂಶ, ವೃತ್ತ ಎಲ್ಲ ಹಿಂದೆ ಸರಿದವು.

ಹುಟ್ಟಿದ ದಿನಾಂಕವನ್ನು ಬಿಟ್ಟು ವರ್ಷವನ್ನಷ್ಟೇ ಇಟ್ಟದ್ದು ಒಳ್ಳೆಯ ನಿರ್ಧಾರ. ಅಕ್ಟೋಬರ್ 23 ಎಂಬ ವಿಜಯದ ದಿನವನ್ನೇ ಹುಟ್ಟಿದ ದಿನ ಎಂದು ಬರೆಯುವ ರೂಢಿ ಹಬ್ಬಿದೆ. ಒಂದೇ ದಿನಾಂಕ ಎರಡು ಕಡೆ ಬಂದರೆ ಓದುವವರು ಉತ್ಸವ ಯಾವುದಕ್ಕೆಂದು ಮರೆಯುತ್ತಾರೆ. ತಿದ್ದಿದ ಪಠ್ಯ ಇದು:

"ಕಿತ್ತೂರು ರಾಣಿ ಚನ್ನಮ್ಮ 1778ರಲ್ಲಿ ಬೆಳಗಾವಿ ಸಮೀಪದ ಕಾಕತಿಯಲ್ಲಿ ಹುಟ್ಟಿದಳು. ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಕೈಹಿಡಿದಳು. ಮಲ್ಲಸರ್ಜ 1816ರಲ್ಲಿ ತೀರಿಕೊಂಡ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ಶಿವಲಿಂಗಪ್ಪನ ದತ್ತುವನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರನ್ನು ವಶಪಡಿಸಿಕೊಳ್ಳಲು ಬಂದ. ಅಕ್ಟೋಬರ್ 23ರ ಕಾಳಗದಲ್ಲಿ ಆತ ಸತ್ತ. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರಿನ ಎರಡನೇ ಮುತ್ತಿಗೆಯಲ್ಲಿ ಸಬ್ ಕಲೆಕ್ಟರ್ ಮನ್ರೋ ಸತ್ತರೂ ಕೋಟೆ ಕಂಪನಿಯ ಕೈಸೇರಿತು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು; 1829ರಲ್ಲಿ ಅಲ್ಲೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣ ಹೋರಾಟ ಮುಂದುವರಿಸಿ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ."

ಅಡಿಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: "ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ಚನ್ನಮ್ಮಾಜಿ ಈಕೆಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನವಳು." ತಪ್ಪನ್ನು ಅಳಿಸಿ ಸುಮ್ಮನಾದರೆ ಮುಂದಿನ ವರ್ಷ ಇನ್ನೊಬ್ಬರು ಅದೇ ತಪ್ಪನ್ನು ಹೊಸ ಮಾಹಿತಿ ಎಂದು ತಂದು ಸೇರಿಸುತ್ತಾರೆ. ಇಬ್ಬರಿದ್ದಾರೆ ಎಂಬುದನ್ನು ಗೋಡೆ ಮೇಲೆಯೇ ಹೇಳಿದರೆ ಆ ದಾರಿ ಮುಚ್ಚುತ್ತದೆ.

ಫ್ಲೆಕ್ಸ್ ಅಂಗಡಿಯಲ್ಲಿ ಮತ್ತೊಂದು ಸುತ್ತು ನಡೆಯಿತು. ಮೊಬೈಲಿನಿಂದ ಕಳಿಸಿದ ಪಠ್ಯ ಇದ್ದದ್ದು ಯೂನಿಕೋಡ್ ಎಂಬ ಈಗಿನ ಅಕ್ಷರ ಸಂಕೇತದಲ್ಲಿ. ಅಂಗಡಿಯ ಹಳೆಯ ವಿನ್ಯಾಸ ತಂತ್ರಾಂಶ ಓದುವುದು "ನುಡಿ" ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳನ್ನು. ಬದಲಾಯಿಸುವಾಗ "ಸ್ಟೀವನ್‌ಸನ್" ಎಂಬಲ್ಲಿನ ನಕಾರ ಸಕಾರಕ್ಕೆ ಅಂಟಿ "ಸ್ಟೀವನ್ಸನ್" ಆಯಿತು. ಅದು ಅಷ್ಟು ತೊಂದರೆಯಿಲ್ಲ, ಆದರೆ "ಥ್ಯಾಕರೆ"ಯ ಯಕಾರದ ಒತ್ತು ಕಳಚಿ "ಥಾಕರೆ" ಆದದ್ದು ದೊಡ್ಡ ಅಪಾಯ, ಅಷ್ಟು ಕಷ್ಟಪಟ್ಟು ಬೇರೆ ಮಾಡಿದ ಹೆಸರು ಮತ್ತೆ ಠಾಕ್ರೆಯ ಮಗ್ಗುಲಿಗೆ ಬಂದಿತ್ತು. ಆದ್ದರಿಂದ ವ್ಯಕ್ತಿಗಳ ಹೆಸರು ಮತ್ತು ಇಸವಿಗಳನ್ನು ಬೇರೆ ಹಾಳೆಯಲ್ಲಿ ಕೈಯಿಂದ ಬರೆದು ಅಂಗಡಿಗೆ ಕೊಡಬೇಕು. ಪರದೆಯ ಮೇಲೆ ಒಂದೊಂದನ್ನೂ ಅಕ್ಷರ ಹಿಡಿದು ಹೋಲಿಸಬೇಕು. ಅಕ್ಷರದ ಎತ್ತರ ಒಂದು ಅಂಗುಲ ಇದ್ದರೆ ಹತ್ತು ಅಡಿ ದೂರದಿಂದ ಆರಾಮವಾಗಿ ಓದಬಹುದು. "ಚನ್ನಮ್ಮ"ದಲ್ಲಿ ಎರಡು ಒತ್ತು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಅಕ್ಷರದ ಎತ್ತರದ ಒಂದೂವರೆ ಪಟ್ಟು ಜಾಗ ಬಿಡದಿದ್ದರೆ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಬಲಭಾಗದಲ್ಲಿ ಪಠ್ಯಕ್ಕೆ ಮೂರೂವರೆ ಅಡಿ ಅಗಲ ಬಿಟ್ಟು, ಕೋಟೆಯ ಫೋಟೋವನ್ನು ಎಡಕ್ಕೆ ಸ್ವಲ್ಪ ಕಿರಿದು ಮಾಡಿದಾಗ ಎಲ್ಲವೂ ಹಿಡಿಯಿತು.

ಮುದ್ರಣಕ್ಕೆ ಬಿಡುವ ಮುನ್ನ ಕೊನೆಯ ಪರೀಕ್ಷೆ. ಮಾದರಿ ಪ್ರತಿಯ ಮೇಲೆ "ಚನ್ನಮ್ಮ" ಎಂದಿರುವ ಕಡೆಗೆಲ್ಲ ಕಾಗದದ ಪಟ್ಟಿ ಅಂಟಿಸಿ, ಈ ಕೆಲಸದಲ್ಲಿ ಇಲ್ಲದ ಹತ್ತನೇ ತರಗತಿಯ ಇಬ್ಬರಿಗೆ ಓದಲು ಕೊಟ್ಟರು: ಇದು ಯಾರ ಕಥೆ? ಹತ್ತೂ ವಾಕ್ಯಗಳಿಗೆ ಉತ್ತರ ಸರಿ ಬಂತು. ಸೋತದ್ದು ತಲೆಬರಹ. "ದತ್ತುಮಗನಿಗಾಗಿ ಖಡ್ಗ ಹಿಡಿದ ವೀರರಾಣಿ" ಎಂದಿದ್ದುದಕ್ಕೆ ಒಬ್ಬಳು ಝಾನ್ಸಿ ಎಂದಳು, ಇನ್ನೊಬ್ಬ ಕೆಳದಿ ಎಂದ. ತಲೆಬರಹವನ್ನು "1824: ಕಂಪನಿಯ ಎದುರು ನಿಂತ ಕಿತ್ತೂರಿನ ರಾಣಿ" ಎಂದು ಬದಲಿಸಿ, "ಕಿತ್ತೂರಿನ" ಎಂಬುದರ ಮೇಲೂ ಪಟ್ಟಿ ಇಟ್ಟು ಮತ್ತೆ ಕೇಳಿದರು. ಉಳಿದ ಇಸವಿ ಮತ್ತು "ಕಂಪನಿ" ಎಂಬ ಮಾತಿನಿಂದಲೇ ಇಬ್ಬರೂ ಕಿತ್ತೂರು ಎಂದರು.